ಮೊದಲ ಫ್ರೇಮ್ ಮನುಷ್ಯರದು

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಈ ಮೂವತ್ತು ವರ್ಷದಲ್ಲಿ ನಾಲ್ಕು ಸಲ ಸುಣ್ಣಬಣ್ಣ ಆಗಿದೆ. ಹಿತ್ತಲ ಕಾಂಪೌಂಡಿಗೆ ಮಾತ್ರ ಇವತ್ತಿಗೂ ಗಾರೆ ಬಿದ್ದಿಲ್ಲ. ಕೆಂಪು ಇಟ್ಟಿಗೆ, ನಡುವೆ ಸಿಮೆಂಟಿನ ಗೆರೆ, ಹಾಗೇ ಇದೆ. ಕಳೆದ ಸಲ ಬಂದಿದ್ದ ಗಾರೆ ಕೆಲಸದವರು "ಇದೊಂದನ್ನ ಯಾಕಮ್ಮ ಬಿಟ್ರಿ, ಮಿಕ್ಕಿರೋ ಸಿಮೆಂಟಲ್ಲೇ ಮುಗಿಸಿಕೊಡ್ತೀನಿ" ಅಂದರು. ಬೇಡ ಅಂದೆ. ಅದು ನಮ್ಮ ಮನೆಯವರ ಗೋಡೆ. ಅವರ ಕೈಗೆ ಬಂದ ಪ್ರತಿಯೊಂದು ಕ್ಯಾಮೆರಾ ಲೆನ್ಸೂ ಆ ಗೋಡೆಯ ಮುಂದೆ ನಿಂತು ಪಾಸಾಗಬೇಕು.

ಇಟ್ಟಿಗೆಯ ಸಾಲು ಸೊಟ್ಟಗಾಗಿ ಹೊಟ್ಟೆ ಉಬ್ಬಿದ ಹಾಗೆ ಕಂಡರೆ ಲೆನ್ಸಿಗೆ ಒಂದು ಥರದ ದೋಷ, ನಡು ಒಳಕ್ಕೆ ಎಳೆದ ಹಾಗೆ ಕಂಡರೆ ಇನ್ನೊಂದು ಥರದ್ದು. ನಾಲ್ಕು ಮೂಲೆ ಕಪ್ಪಗಾದರೆ ಮತ್ತೊಂದು. ಎಡಗಡೆ ಇಟ್ಟಿಗೆಯ ಮೇಲಿನ ಮರಳಿನ ಕಣ ಕೂಡ ಕಾಣುತ್ತಾ ಬಲಗಡೆ ಮಾತ್ರ ಮಂಜಾಗಿದ್ದರೆ ಒಳಗಿನ ಗಾಜೊಂದು ನಡುವಿನಿಂದ ಕದಲಿದೆ ಅಂತ ಅರ್ಥ. ಹಾಗೆ ಅರ್ಥ ಮಾಡಿಕೊಳ್ಳುವ ಮೊದಲು ಕ್ಯಾಮೆರಾ ಗೋಡೆಗೆ ಸರಿಯಾಗಿ ಎದುರಾಗಿ ನಿಂತಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ, ಅದಕ್ಕೆ ನಮ್ಮ ಬಚ್ಚಲ ಕನ್ನಡಿ ಹೊರಗೆ ಬರುತ್ತದೆ. ಕನ್ನಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕ್ಯಾಮೆರಾದೊಳಗಿಂದ ನೋಡಿದಾಗ ಲೆನ್ಸಿನ ಬಿಂಬ ಚಿತ್ರದ ನಟ್ಟನಡುವೆ ಬಂದರೆ ಕ್ಯಾಮೆರಾ ನೆಟ್ಟಗಿದೆ. ಇಲ್ಲವಾದರೆ ಟ್ರೈಪಾಡಿನ ಕಾಲು ಕೂದಲೆಳೆಯಷ್ಟು ಸರಿಸಬೇಕು. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕನ್ನಡಿ ಇಲ್ಲದಿದ್ದರೆ ಹೊಸ ಲೆನ್ಸ್ ಬಂದಿದೆ ಅಂತ ಲೆಕ್ಕ.

ಇಟ್ಟಿಗೆಯ ಪರೀಕ್ಷೆ ಮುಗಿದ ಮೇಲೆ ಪೇಪರ್ ಪರೀಕ್ಷೆ. ದಿನಪತ್ರಿಕೆಯಲ್ಲಿ ಸಣ್ಣ ಅಕ್ಷರದ ಜಾಹೀರಾತು ಬರುವ ಪುಟಗಳನ್ನು ಅವರು ಎತ್ತಿಟ್ಟಿರುತ್ತಾರೆ. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ಟೇಪ್ ಹಚ್ಚಿ ಅಂಟಿಸುತ್ತಾರೆ. ಇದಕ್ಕೆ ಅಂತಲೇ ಅಚ್ಚು ಹಾಕಿದ ಚಾರ್ಟುಗಳೂ ಸಿಗುತ್ತವೆ, ಒಂದು ಅವರ ಹತ್ತಿರ ಇದೆ. ಆದರೆ ಕನ್ನಡ ಅಕ್ಷರದಷ್ಟು ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ ಅನ್ನುವುದು ಅವರ ನಂಬಿಕೆ, ಅದನ್ನು ನಾನೂ ಒಪ್ಪುತ್ತೇನೆ. ಇಂಗ್ಲಿಷಿನ ಅಕ್ಷರ ಬರೀ ಗೆರೆ, ಸ್ವಲ್ಪ ಮಂಜಾದರೂ ಊಹಿಸಿ ಓದಬಹುದು. ನಮ್ಮಲ್ಲಿ ರ-ಕಾರದ ಹೊಟ್ಟೆಯೊಳಗೆ ಒಂದು ಚುಕ್ಕೆ ಬಿದ್ದರೆ ಠ. ಧ-ಕಾರದೊಳಗೆ ಚುಕ್ಕೆ ಬಿದ್ದರೆ ಥ. ಕೆಳಗಿನ ಸೀಳು ಕಾಣದೆ ಹೋದರೆ ಬ ಯಾವುದು ಭ ಯಾವುದು ಗೊತ್ತಾಗುವುದಿಲ್ಲ. "ರಾಷ್ಟ್ರ" ಅನ್ನುವ ಮಾತಿನ ಕೆಳಗಿನ ಎರಡು ಒತ್ತು ಮೂಲೆಯಲ್ಲೂ ಬಿಡಿಬಿಡಿಯಾಗಿ ಕಂಡರೆ ಆ ಲೆನ್ಸ್ ಗಟ್ಟಿ. ಪರೀಕ್ಷೆಯ ಚಿತ್ರ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ "ಏನೇ, ಇಲ್ಲಿ ಬಂದು ಓದು" ಅಂತ ಕರೆಯುತ್ತಾರೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು, ಮಕ್ಕಳ ಎಂಥೆಂಥ ಕೈಬರಹವನ್ನೋ ಓದಿದ್ದೇನೆ. ನಾನು ಓದಲಾರದ್ದು ಫೇಲು.

ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಗೆ ಅಪರ್ಚರ್ ಅನ್ನುತ್ತಾರೆ. ಅದರ ಪ್ರತಿ ಅಳತೆಗೂ ಒಂದೊಂದು ಚಿತ್ರ. ಎಫ್ 2, 2.8, 4, 5.6, 8, 11, 16 ಅಂತ ಏಳು. ಒಂದೊಂದನ್ನೂ ಮೂರು ಸಲ. ಆ ನಂಬರಿನ ಅರ್ಥ ಮದುವೆಯಾಗಿ ಎಷ್ಟೋ ವರ್ಷ ನನಗೆ ಗೊತ್ತಿರಲಿಲ್ಲ. ಲೆನ್ಸಿನ ಮೇಲೆ ಬರೆದ ಮಿ.ಮೀ. (ಅದರ ಸಂಗಮ ದೂರ) ಆ ನಂಬರಿನಿಂದ ಭಾಗಿಸಿದರೆ ಕಿಂಡಿಯ ಅಗಲ. 50 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಬೆಳಕು ಒಳಗೆ ಬರುವ ಕಿಂಡಿ 25 ಮಿ.ಮೀ. ಅಗಲ, ಎಫ್ 16ಕ್ಕೆ ಇಟ್ಟರೆ ಮೂರು ಮಿ.ಮೀ. ಚಿಲ್ಲರೆ. ಕಿಂಡಿ ಪೂರ್ತಿ ತೆಗೆದಾಗ ಲೆನ್ಸಿನ ಎಲ್ಲ ದೋಷವೂ ಹೊರಗೆ ಬೀಳುತ್ತದೆ. ಎರಡು ಮೂರು ಮೆಟ್ಟಿಲು ಕಿರಿದು ಮಾಡಿದರೆ ಚಿತ್ರ ಗಟ್ಟಿಯಾಗುತ್ತದೆ. ಹಾಗಾದರೆ ಇನ್ನೂ ಕಿರಿದು ಮಾಡುತ್ತಾ ಹೋದರೆ ಇನ್ನೂ ಗಟ್ಟಿಯಾಗಬೇಕಲ್ಲ ಅಂತ ನಾನು ಕೇಳಿದ್ದೆ. ಅದಕ್ಕೆ ಅವರು ನನ್ನ ತವರಿನ ಉದಾಹರಣೆಯನ್ನೇ ಕೊಟ್ಟರು. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರು ಕಿರುತೂಬಿನಿಂದ ಗದ್ದೆಗೆ ಬೀಳುವಾಗ ನೆಟ್ಟಗೆ ಹೋಗುವುದಿಲ್ಲ, ಬಾಯಿ ದಾಟಿದ ತಕ್ಷಣ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಬೆಳಕೂ ಹಾಗೇ, ತೀರಾ ಸಣ್ಣ ಕಿಂಡಿಯಲ್ಲಿ ನುಗ್ಗಿದರೆ ಹರಡುತ್ತದೆ, ಎಫ್ 16ರಲ್ಲಿ ಅಕ್ಷರ ಮತ್ತೆ ಮೆತ್ತಗಾಗುತ್ತದೆ. ಅವರು ಹೇಳಿದ ಮೇಲೆ ಏಳು ಚಿತ್ರವನ್ನೂ ಸಾಲಾಗಿ ನೋಡಿದೆ. 5.6 ಮತ್ತು 8ರಲ್ಲಿ ಠ-ಕಾರದ ಚುಕ್ಕೆ ಎಳ್ಳಿನ ಹಾಗೆ ಕೂತಿತ್ತು, 16ರಲ್ಲಿ ನೆನೆದಿತ್ತು.

ಪರೀಕ್ಷೆ ನಡೆಯುವ ಹೊತ್ತು ಮನೆಯಲ್ಲಿ ಗ್ರೈಂಡರ್ ಹಾಕುವ ಹಾಗಿಲ್ಲ. ಹಿತ್ತಲ ಚಪ್ಪಡಿಯ ಮೇಲೆ ನಡೆಯುವ ಹಾಗಿಲ್ಲ. ಅವರು ಕೂಡ ಎರಡು ಸೆಕೆಂಡಿನ ಟೈಮರ್ ಒತ್ತಿ ಕೈ ಹಿಂದಕ್ಕೆ ಕಟ್ಟಿ ಉಸಿರು ಹಿಡಿದು ನಿಲ್ಲುತ್ತಾರೆ.

ಈ ಸ್ವಭಾವ ಎಲ್ಲಿಂದ ಬಂತು ಅಂದರೆ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಿಂದ. 2017ರಲ್ಲಿ ರಿಟೈರ್ ಆಗುವವರೆಗೂ ಅವರ ಹೆಚ್ಚಿನ ಸರ್ವಿಸು ಕಳೆದದ್ದು ವೀಲ್ ಶಾಪಿನಲ್ಲಿ. ರೈಲಿನ ಆಕ್ಸಲ್ಲಿಗೆ ಹೊರಗೆ ಒಂದು ಗೀರೂ ಇರುವುದಿಲ್ಲ, ಒಳಗೆ ಬಿರುಕು ಇರಬಹುದು. ಅದರ ತುದಿಗೆ ಎಣ್ಣೆ ಸವರಿ, ಪ್ರೋಬ್ ಇಟ್ಟು, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಮಾರ್ದನಿ ಪರದೆಯ ಮೇಲೆ ಎಲ್ಲಿ ಏಳುತ್ತದೆ ಅಂತ ನೋಡುತ್ತಾರೆ. ಏಳಬಾರದ ಜಾಗದಲ್ಲಿ ಒಂದು ಮೊನೆ ಎದ್ದರೆ ಆ ಆಕ್ಸಲ್ ಹೊರಗೆ ಹೋಗುವುದಿಲ್ಲ. ಒಂದು ಕೋಚಿಗೆ ನಾಲ್ಕು ಆಕ್ಸಲ್, ಅದರ ಮೇಲೆ ಎಪ್ಪತ್ತು ಎಂಬತ್ತು ಜನ ಮಲಗಿರುತ್ತಾರೆ. ಇದನ್ನು ಅವರು ಮದುವೆಯಾದ ಹೊಸತರಲ್ಲೇ ನನಗೆ ಹೇಳಿದ್ದರು. ಈಗಲೂ ರಾತ್ರಿ ರೈಲಿನಲ್ಲಿ ಹೋಗುವಾಗ ಎಲ್ಲೋ ಒಂದು ಚಕ್ರ ಟಕ್ ಟಕ್ ಅಂತ ಸದ್ದು ಮಾಡಿದರೆ ಎದ್ದು ಕೂತುಬಿಡುತ್ತಾರೆ. ನಂಬಿಕೆ ಅನ್ನುವುದು ಅವರಿಗೆ ಪರೀಕ್ಷೆಯಾದ ಮೇಲೆ ಬರುವ ಮಾತು.

ಲೆನ್ಸುಗಳು ಹೆಚ್ಚಾದದ್ದು ರಿಟೈರ್ ಆದ ಮೇಲಲ್ಲ, ಅದಕ್ಕೂ ಆರೇಳು ವರ್ಷ ಮೊದಲು. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರುಗಳು ಸಿಗತೊಡಗಿದವು. ಸೋವಿಯತ್ ಕಾಲದ ಹೀಲಿಯೋಸ್ 44-2 ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. 58 ಮಿ.ಮೀ., ಎಫ್ 2. ಅಷ್ಟು ಪುಟ್ಟ ಸಾಮಾನು ಕೈಯಲ್ಲಿ ಅರ್ಧ ಸೇರಿನ ಬಟ್ಟಿನಂತೆ ಭಾರ. ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ನೋಡಿ "1978ರದ್ದು" ಅಂದರು. ಹಿಂದೆ ಸ್ಕ್ರೂ ಥರ ತಿರುಗಿಸಿ ಹಾಕುವ ಮರೆ, ಅಂದರೆ ಸುರುಳಿ ಗೆರೆ, 42 ಮಿ.ಮೀ. ವ್ಯಾಸ, ಗೆರೆಯಿಂದ ಗೆರೆಗೆ 1 ಮಿ.ಮೀ. ಮರೆಯ ಮೇಲೆ ಹೆಬ್ಬೆರಳು ಓಡಿಸಿದಾಗ ಅವರ ಮುಖ ನೋಡಬೇಕಿತ್ತು, ವೀಲ್ ಶಾಪಿನ ಹಳೆಯ ಸ್ನೇಹಿತ ಸಿಕ್ಕ ಹಾಗೆ. ಗೋಡೆಯ ಪರೀಕ್ಷೆಯಲ್ಲಿ ಅದರ ಮೂಲೆಗಳು ಚೆನ್ನಾಗಿ ಬರಲಿಲ್ಲ. ಆದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮರದ ಮುಂದೆ ನನ್ನನ್ನು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಹಿಂದಿನ ಎಲೆಗಳೆಲ್ಲ ಕಾವೇರಿಯ ಸುಳಿಯ ಹಾಗೆ ನನ್ನ ಸುತ್ತ ತಿರುಗಿದ್ದವು. ಅದೂ ಒಂದು ದೋಷವೇ ಅಂತೆ. ಆ ದೋಷಕ್ಕಾಗಿಯೇ ಜನ ಆ ಲೆನ್ಸನ್ನು ಹುಡುಕಿ ಕೊಳ್ಳುತ್ತಾರೆ.

ಜಪಾನಿನ ಟಾಕುಮಾರ್ 50 ಮಿ.ಮೀ. ಎಫ್ 1.4 ಬಂದಾಗ ಗಾಜು ಚಹಾದ ಬಣ್ಣಕ್ಕೆ ತಿರುಗಿತ್ತು. ಮೋಸ ಹೋದಿರಾ ಅಂತ ಗಾಬರಿಯಾಯಿತು ನನಗೆ. ಆ ಕಾಲದ ಕೆಲವು ಲೆನ್ಸುಗಳ ಗಾಜಿಗೆ ಥೋರಿಯಂ ಸೇರಿಸುತ್ತಿದ್ದರಂತೆ, ಬೆಳಕನ್ನು ಚೆನ್ನಾಗಿ ಬಗ್ಗಿಸಲಿ, ಬಣ್ಣ ಒಡೆಯದಿರಲಿ ಅಂತ. ಕೇರಳದ ಕಡಲ ಮರಳಿನಲ್ಲಿ ಸಿಗುತ್ತದಲ್ಲ, ಅದೇ ಥೋರಿಯಂ. ಅದರ ವಿಕಿರಣದಿಂದ ವರ್ಷಗಳು ಕಳೆದ ಹಾಗೆ ಗಾಜು ಹಳದಿಯಾಗುತ್ತದೆ. ಬಿಸಿಲಿಗಿಟ್ಟರೆ ಆ ಹಳದಿ ಇಳಿಯುತ್ತದೆ. ವಿಕಿರಣ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಅದನ್ನು ಮಲಗುವ ಕೋಣೆಯಲ್ಲಿ ಇಡಬಾರದು ಅಂತ ಖಡಾಖಂಡಿತವಾಗಿ ಹೇಳಿದೆ, ಇವತ್ತಿಗೂ ಅದು ಹಜಾರದ ಕಪಾಟಿನಲ್ಲೇ ಇದೆ. ಏಪ್ರಿಲ್ ತಿಂಗಳು ಪೂರ್ತಿ ತಾರಸಿಯ ಮೇಲೆ ಒಂದು ಕಡೆ ನನ್ನ ಅರಳು ಸಂಡಿಗೆ, ಇನ್ನೊಂದು ಕಡೆ ಅಡಿಗೆ ಬೆಳ್ಳಿಹಾಳೆ ಹಾಸಿದ ತಟ್ಟೆಯಲ್ಲಿ ಅವರ ಲೆನ್ಸು. ಕಾಗೆ ಓಡಿಸುವ ಕೆಲಸ ಎರಡಕ್ಕೂ ಸೇರಿ ನನ್ನದು. ತಿಂಗಳ ಕೊನೆಗೆ ಬಿಳಿ ಕಾಗದದ ಮೇಲೆ ಲೆನ್ಸನ್ನು ಹಿಡಿದು ನೋಡಿದರೆ ಹಳದಿ ಬಹುಮಟ್ಟಿಗೆ ಹೋಗಿತ್ತು.

ಮಳೆಗಾಲದ್ದು ಬೇರೆಯೇ ಕಥೆ. ಜೂನ್ ಬಂತೆಂದರೆ ಗಾಜಿಗೆ ಬೂಷ್ಟು ಹಿಡಿಯುವ ಭಯ. ಜೇಡರ ಬಲೆಯ ಹಾಗೆ ಹಬ್ಬುತ್ತದೆ, ಹೆಚ್ಚು ದಿನ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಗಳಲ್ಲಿ ನೀಲಿ ಸಿಲಿಕಾ ಹರಳು ಹಾಕಿಡುತ್ತಾರೆ. ತೇವ ಕುಡಿದು ಅವು ಗುಲಾಬಿಯಾದಾಗ ಹುರಿದು ಮತ್ತೆ ನೀಲಿ ಮಾಡಬೇಕು. ಒಮ್ಮೆ ಸಾಸಿವೆ ಹುರಿಯುವ ನನ್ನ ಬಾಣಲೆಯಲ್ಲೇ ಹುರಿಯಲು ಹೊರಟಿದ್ದರು. ಆ ನೀಲಿ ಬಣ್ಣ ಕೋಬಾಲ್ಟಿನದು, ಅಡಿಗೆ ಪಾತ್ರೆಗೆ ತಾಕಬಾರದ್ದು. ಅದಕ್ಕೇ ಒಂದು ಹಳೆಯ ಬಾಣಲೆ ಕೊಟ್ಟು ಕೈಪಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ ಹೀಗೇ ಮಾಡಿ.

ಇಷ್ಟೆಲ್ಲ ಓದಿ ಹೆಂಡತಿ ಎಲ್ಲವನ್ನೂ ಸಂತೋಷವಾಗಿ ಸಹಿಸಿಕೊಂಡಿದ್ದಾಳೆ ಅಂತ ಯಾರೂ ತಿಳಿಯಬಾರದು. ಸೋಮನಾಥಪುರಕ್ಕೆ ಮಗಳು ಅಳಿಯನ ಜೊತೆ ಮೊದಲ ಸಲ ಹೋದ ದಿನ ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ದೇವಸ್ಥಾನದ ಒಂದೇ ಮೂಲೆಯಲ್ಲಿ ಎರಡು ಲೆನ್ಸುಗಳನ್ನು ಬದಲಾಯಿಸುತ್ತಾ ನಿಂತಿದ್ದರು. ಹೊಸ ಅಳಿಯ ಪುಳಿಯೋಗರೆ ತಟ್ಟೆ ಹಿಡಿದು "ಮಾವ ಬರಲಿ" ಅಂತ ಕಾದು ಕಾದು ಕೊನೆಗೆ ತಣ್ಣಗಾದದ್ದನ್ನು ತಿಂದ. ನನಗೆ ಬಹಳ ನೋವಾಯಿತು. ಅದೇ ಚಿತ್ರಗಳನ್ನು ಮನೆಗೆ ಬಂದು ದೊಡ್ಡದು ಮಾಡಿದಾಗ, ವಿಗ್ರಹವೊಂದರ ಪಾದದ ಕೆಳಗಿನ ಪಟ್ಟಿಯಲ್ಲಿ ಹಳಗನ್ನಡದ ಅಕ್ಷರ ಕಾಣಿಸಿತು. "ಏನೇ, ಓದು" ಅಂದರು. ಮಲ್ಲಿತಮ್ಮ. ಹದಿಮೂರನೇ ಶತಮಾನದಲ್ಲಿ ಆ ಕಲ್ಲು ಕೆತ್ತಿದ ರೂವಾರಿಯ ರುಜು. ಆ ಹೆಸರನ್ನು ಪುಸ್ತಕದಲ್ಲಿ ಓದಿ ಮಕ್ಕಳಿಗೆ ಹೇಳಿದ್ದೆನೇ ಹೊರತು ಅವನ ಕೈಯ ಅಕ್ಷರವನ್ನು ಕಣ್ಣಾರೆ ಓದಿದ್ದು ಅವತ್ತೇ. ಒಂದು ಲೆನ್ಸಿನಲ್ಲಿ ಓದಲಾಯಿತು, ಇನ್ನೊಂದರಲ್ಲಿ ಆಗಲಿಲ್ಲ. ನೋವು ಹೋಗಲಿಲ್ಲ, ಆದರೆ ಆ ಸಂತೋಷವೂ ನಿಜ.

ನಮ್ಮ ಅತ್ತೆ ತೀರಿಕೊಂಡದ್ದು 2015ರ ಆಷಾಢದಲ್ಲಿ. ಹನ್ನೊಂದನೇ ದಿನದ ತಿಥಿಗೆ ಇಡಲು ಒಂದು ಫೋಟೊ ಬೇಕು. ಮನೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕಿನ ತುಂಬ ಚಿತ್ರ. ನಾನು, ಮಗಳು, ನಾದಿನಿ ಮೂರು ಜನ ಕೂತು ಒಂದು ರಾತ್ರಿ ಪೂರ್ತಿ ಹುಡುಕಿದೆವು. ಇಟ್ಟಿಗೆ, ಇಟ್ಟಿಗೆ, ಪೇಪರು, ಪೇಪರು. ಫಿಲೋಮಿನಾ ಚರ್ಚಿನ ಎರಡು ಗೋಪುರಗಳು, ಅವುಗಳ ತುದಿಯ ಶಿಲುಬೆ, ಬಿಳಿ ಆಕಾಶಕ್ಕೆ ತಾಗುವ ಕಡೆ ನೇರಳೆ ಅಂಚು ಬರುತ್ತದೋ ಅಂತ ನೋಡಲು ತೆಗೆದದ್ದು ಇನ್ನೂರಕ್ಕೂ ಹೆಚ್ಚು. ಅರಮನೆಯ ದೀಪಗಳು ಲೆಕ್ಕವಿಲ್ಲದಷ್ಟು. ಅತ್ತೆಯ ಮುಖ ನೆಟ್ಟಗೆ ಕಾಣುವ ಚಿತ್ರ ಮದುವೆಯೊಂದರ ಗುಂಪಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಕೊನೆಗೆ ಮತದಾರರ ಚೀಟಿಯ ಫೋಟೊ ದೊಡ್ಡದು ಮಾಡಿಸಿ ಹಾರ ಹಾಕಿದೆವು.

ಹುಡುಕುವಾಗ ಮಗಳ ಕಣ್ಣಿಗೆ ಬಿದ್ದದ್ದು ಬೇರೆಯದು. ಪೇಪರ್ ಪರೀಕ್ಷೆಯ ಒಂದು ಸರಣಿ, ಇಪ್ಪತ್ತೊಂದು ಚಿತ್ರ. ಅವತ್ತು ಗಾಳಿ ಇತ್ತೆಂದು ಕಾಣುತ್ತದೆ. ಕೆಳಗಿನ ಬಲಮೂಲೆಯಲ್ಲಿ ಪೇಪರು ಹಾರದ ಹಾಗೆ ಒಂದು ಕೈ ಅದುಮಿ ಹಿಡಿದಿದೆ. ಹಸಿರು ಗಾಜಿನ ಬಳೆ, ಸವೆದ ಉಂಗುರ, ಬೆರಳಿನ ಗೆಣ್ಣಿನ ಸುಕ್ಕು ಒಂದೊಂದೂ ಕಾಣುತ್ತದೆ. ಪೇಪರಿನ ತಾರೀಕು ನೋಡಿದರೆ ಅತ್ತೆ ಹೋಗುವುದಕ್ಕೆ ಎರಡು ತಿಂಗಳ ಹಿಂದಿನದು. ಎಂಬತ್ತು ದಾಟಿದ ಆ ತಾಯಿ ಇಪ್ಪತ್ತೊಂದು ಚಿತ್ರ ಮುಗಿಯುವವರೆಗೂ ಬಗ್ಗಿ ಪೇಪರು ಹಿಡಿದುಕೊಂಡು ನಿಂತಿದ್ದರು. ಮುಖ ಚೌಕಟ್ಟಿನ ಆಚೆ.

ಆ ರಾತ್ರಿ ನಾನು ಅವರನ್ನು ಕೂರಿಸಿಕೊಂಡು ಜೋರಾಗಿಯೇ ಹೇಳಿದೆ. ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರ ಚಿತ್ರಗಳ ಮಾತು ತೆಗೆದೆ. ಪದ್ಮಶ್ರೀ ಬಂದವರು, 2009ರಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು, ಬದುಕಿಡೀ ಸಾಧಾರಣ ಜನರ ಮುಖ ತೆಗೆದವರು. "ಆ ಚಿತ್ರ ನೋಡಿದೋರು ಮೂಲೆ ಗಟ್ಟಿಯಾಗಿದೆಯಾ ಅಂತ ಕೇಳ್ತಾರೇನ್ರೀ? ನೀವು ಗೋಡೆ ಪರೀಕ್ಷೆ ಮಾಡ್ತಾ ಇದ್ದೀರೋ ಲೆನ್ಸ್ ಪರೀಕ್ಷೆ ಮಾಡ್ತಾ ಇದ್ದೀರೋ? ಲೆನ್ಸ್ ಇರೋದು ಯಾರನ್ನ ನೋಡೋಕೆ?" ಅವರು ಒಂದು ಮಾತೂ ಆಡಲಿಲ್ಲ. ಆ ಕೈಯ ಚಿತ್ರವನ್ನೇ ನೋಡುತ್ತಾ ಕೂತಿದ್ದರು. ಬೆಳಗಿನ ಜಾವ ಎದ್ದು ನೋಡಿದರೆ ಇನ್ನೂ ಅಲ್ಲೇ ಇದ್ದರು.

ಅವರ ಹತ್ತಿರ ಲೆನ್ಸುಗಳ ಲೆಕ್ಕದ ಒಂದು ಉದ್ದನೆಯ ಲೆಡ್ಜರ್ ಇದೆ. ಕ್ರಮಸಂಖ್ಯೆ, ಹೆಸರು, ಸೀರಿಯಲ್ ನಂಬರ್, ಯಾವ ಅಪರ್ಚರಿನಲ್ಲಿ ಗಟ್ಟಿ, ಯಾವ ಮೂಲೆ ದುರ್ಬಲ. ತಿಥಿ ಕಳೆದ ಮರುದಿನ ಅದರಲ್ಲಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು ಹೊಸ ಕಾಲಂ ಮಾಡಿದರು. ಅದರ ತಲೆಬರಹ: ಮೊದಲ ಫ್ರೇಮ್ ಯಾರದು. ಇನ್ನು ಮುಂದೆ ಯಾವ ಲೆನ್ಸ್ ಬಂದರೂ ಮೊದಲು ಒಬ್ಬ ಮನುಷ್ಯರ ಚಿತ್ರ, ಆಮೇಲೆ ಗೋಡೆ. ನಾನು ಕೇಳಿದ್ದು ಇಷ್ಟು ಖಚಿತವಾದ ನಿಯಮವನ್ನಲ್ಲ. ಆದರೆ ಅವರಿಗೆ ಮನಸ್ಸು ಬದಲಾದರೆ ಅದು ಕಾಲಂ ಆಗಿಯೇ ಹೊರಗೆ ಬರುವುದು.

ಆ ಕಾಲಮಿನಲ್ಲಿ ಈಗ ಯಾರು ಯಾರಿದ್ದಾರೆ! ಹಾಲಿನವರು. ಇಸ್ತ್ರಿ ಮಾಡುವವರ ಮಗಳು. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾಲೆಯನ್ನು ಮೊಳ ಹಾಕಿ ಕೊಡುವ ಅಜ್ಜಿ. ಎದುರು ಮನೆಯ ಮೇಷ್ಟ್ರು ಓದುವ ಕನ್ನಡಕ ಹಣೆಗೇರಿಸಿಕೊಂಡು. ತೆಗೆದವರಿಗೆಲ್ಲ ಪ್ರಿಂಟ್ ಹಾಕಿಸಿ ಕೊಟ್ಟು ಬರುತ್ತಾರೆ, ಅದು ಕೂಡ ನಿಯಮ. ಮಾಲೆಯ ಅಜ್ಜಿ ಆ ಫೋಟೊವನ್ನು ತಕ್ಕಡಿಯ ಹಿಂದೆ ತೂಗುಹಾಕಿಕೊಂಡಿದ್ದರು.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನನ್ನ ಅಣ್ಣನ ಚಿತ್ರ. ಮಂಡ್ಯದ ಹತ್ತಿರ ನಮ್ಮೂರಿನಲ್ಲಿ ಅಣ್ಣನದೊಂದು ಆಲೆಮನೆ. ಹಳೆಯ ನಿಕಾನ್ 105 ಮಿ.ಮೀ. ಎಫ್ 2.5 ಬಂದಿದ್ದ ವಾರ ನಾವು ಊರಿಗೆ ಹೋಗಿದ್ದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಕೆಂಪಾಗಿ, ಗುಳ್ಳೆ ದಪ್ಪಗಾಗಿ ಏಳುತ್ತಿತ್ತು. ಅಣ್ಣ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಒತ್ತಿ ನೋಡಿದ. ಆಗಿಲ್ಲ. ಇನ್ನೊಂದು ತೊಟ್ಟು. ಆಗಿಲ್ಲ. ಮೂರನೆಯದು ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. "ಹದ ಬಂತು, ಇಳಿಸ್ರಲಾ" ಅಂತ ಕೂಗಿದ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಜಿಗುಟಾಗುತ್ತದೆ, ತಡವಾದರೆ ಕಂದಿಹೋಗುತ್ತದೆ. ನಮ್ಮ ಮನೆಯವರು ಕ್ಯಾಮೆರಾ ಎತ್ತುವುದನ್ನೇ ಮರೆತು ನೋಡುತ್ತಿದ್ದರು. "ಭಾವ, ಇನ್ನೊಂದ್ಸಲ ತೋರಿಸಿ" ಅಂದರು. ಮುಂದಿನ ಕೊಪ್ಪರಿಗೆಗೆ ಕಾದು ಕೂತು, ಅಣ್ಣ ಬೆರಳನ್ನು ನೀರಿನಿಂದ ಎತ್ತುವ ಹೊತ್ತಿಗೆ ತೆಗೆದರು. ಹಬೆಯ ನಡುವೆ ಅಣ್ಣನ ಮುಖ, ಕಣ್ಣು ಬೆರಳಿನ ಮೇಲೆ, ರೆಪ್ಪೆಯ ಕೂದಲಿನಲ್ಲಿ ಒಂದು ಹನಿ. ಆ ಲೆನ್ಸನ್ನು ಅವರು ಗೋಡೆಯ ಮುಂದೆ ನಿಲ್ಲಿಸಿದ್ದು ಎರಡು ವಾರದ ಮೇಲೆ. ಅಲ್ಲಿಯೂ ಅದು ಪಾಸಾಯಿತು.

ಹೋದ ವರ್ಷ ಚಳಿಗಾಲದಲ್ಲಿ ಒಂದು ವಿಚಿತ್ರ ಶುರುವಾಯಿತು. ಪೇಪರ್ ಪರೀಕ್ಷೆಯಲ್ಲಿ ಒಂದು ಲೆನ್ಸ್ ಮೆತ್ತಗೆ ಬಂತು. ಆಮೇಲೆ ಇನ್ನೊಂದು. ಹಿಂದೆ ಪಾಸಾಗಿದ್ದ ನಿಕಾನ್ ಕೂಡ. ಟ್ರೈಪಾಡಿನ ತಿರುಪು ಬಿಗಿ ಮಾಡಿದರು, ಅಡಾಪ್ಟರ್ ಬದಲಾಯಿಸಿದರು. ನನ್ನನ್ನು ಕರೆದು ಓದಿಸಿದರೆ ನಾನು ಗಡಗಡ ಓದಿಬಿಟ್ಟೆ, ಚುಕ್ಕೆ ಸಮೇತ. ಸ್ವಲ್ಪ ಹೊತ್ತು ಸುಮ್ಮನಿದ್ದು "ಎಲ್ಲ ಲೆನ್ಸೂ ಒಟ್ಟಿಗೆ ಕೆಡೋಕೆ ಸಾಧ್ಯ ಇಲ್ಲ ಕಣೇ. ಎಲ್ಲದರಲ್ಲೂ ಇರೋ ಒಂದು ಲೆನ್ಸ್ ಯಾವುದು ಹೇಳು" ಅಂದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಅವತ್ತು ಸಂಜೆಯೇ ಬೀದಿದೀಪದ ಸುತ್ತ ಉಂಗುರ ಕಾಣುತ್ತಿದೆ ಅಂತಲೂ ಹೇಳಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತು, ಬಲಗಣ್ಣಿಗೆ ಹೆಚ್ಚು.

ಕಣ್ಣಿನ ಡಾಕ್ಟರ ಹತ್ತಿರ ಅವರು ಕೇಳಿದಷ್ಟು ಪ್ರಶ್ನೆ ಬೇರೆ ಯಾರೂ ಕೇಳಿರಲಾರರು. ಆ ಡಾಕ್ಟರಿಗೆ ಪುಣ್ಯ ಬರಲಿ, ಒಂದಕ್ಕೂ ಬೇಸರಪಡದೆ ಉತ್ತರ ಕೊಟ್ಟರು. ಕಣ್ಣೊಳಗೆ ಕೂರಿಸುವ ಲೆನ್ಸಿನಲ್ಲಿ ಬೆಳಕು ಹಾಯುವ ಭಾಗ ಸುಮಾರು 6 ಮಿ.ಮೀ. ಅಗಲ. ಮಡಚಿ ಸಣ್ಣ ಸೀಳಿನಿಂದ ಒಳಗೆ ಬಿಡುತ್ತಾರೆ, ಒಳಗೆ ಅದೇ ಬಿಚ್ಚಿಕೊಳ್ಳುತ್ತದೆ. ಅದು ಶುರುವಾದ ಕಥೆಯನ್ನು ನಮ್ಮ ಮನೆಯವರು ರಾತ್ರಿ ಕೂತು ಓದಿ ನನಗೆ ಹೇಳಿದರು. ಯುದ್ಧದಲ್ಲಿ ವಿಮಾನದ ಮೇಲ್ಮುಚ್ಚಳ ಒಡೆದು ಅದರ ಚೂರು ಕಣ್ಣಿಗೆ ಹೊಕ್ಕ ಪೈಲಟ್‌ಗಳನ್ನು ಹೆರಾಲ್ಡ್ ರಿಡ್ಲೆ ಅನ್ನುವ ಇಂಗ್ಲೆಂಡಿನ ಡಾಕ್ಟರು ನೋಡಿದ್ದರು. ಆ ಪ್ಲಾಸ್ಟಿಕ್ ಚೂರು ಒಳಗೇ ಉಳಿದರೂ ಕಣ್ಣು ಕೆರಳಿರಲಿಲ್ಲ. ಹಾಗಿದ್ದರೆ ಅದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿ ಯಾಕೆ ಇಡಬಾರದು ಅಂತ ಯೋಚಿಸಿ, 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಇಟ್ಟರು. "ನೋಡು, ಪರೀಕ್ಷೆ ಮೊದಲೇ ಆಗಿಹೋಗಿತ್ತು, ಯಾರೂ ಗಮನಿಸಿರಲಿಲ್ಲ" ಅಂದರು.

ದೂರ ಹತ್ತಿರ ಎರಡೂ ಕಾಣುವ ಲೆನ್ಸ್ ಬೇಕೋ, ಒಂದೇ ದೂರಕ್ಕೆ ಕಾಣುವುದು ಬೇಕೋ ಅಂತ ಡಾಕ್ಟರು ಕೇಳಿದಾಗ ಇವರು ಒಂದೇ ದೂರದ್ದು ಅಂದರು. ಎರಡಕ್ಕೂ ಹೊಂದುವಂಥದ್ದು ಬರುವ ಬೆಳಕನ್ನೇ ಪಾಲು ಮಾಡಿ ಹಂಚುತ್ತದೆ, ಕತ್ತಲಲ್ಲಿ ದೀಪದ ಸುತ್ತ ಉಂಗುರ ಬರಬಹುದು. ಓದುವುದಕ್ಕೆ ಕನ್ನಡಕ ಹಾಕಿಕೊಂಡರಾಯಿತು, ಅರಮನೆಯ ದೀಪ ಮಾತ್ರ ಸರಿಯಾಗಿ ಕಾಣಲಿ ಅನ್ನುವುದು ಅವರ ಲೆಕ್ಕ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನಾನು ಔಷಧಿ ಚೀಟಿ ಹಿಡಿದು ಬಾಗಿಲ ಹತ್ತಿರ ಇದ್ದೆ. ಮನೆಗೆ ಬಂದ ಮೇಲೆ ಮೊದಲು ಅವರ ಬಾಯಿಗೆ ಬಂದದ್ದು ಪಂಚೆಯ ಮಾತು. ಹೊಸ ಕಣ್ಣಿನಲ್ಲಿ ಪಂಚೆ ಬೆಳ್ಳಗೆ, ಹಳೆಯ ಕಣ್ಣಿನಲ್ಲಿ ಅದೇ ಪಂಚೆ ಚಹಾ ಚೆಲ್ಲಿ ಒಗೆದ ಹಾಗೆ. "ಟಾಕುಮಾರ್ ಕಣೇ ಇದು" ಅಂತ ಎಡಗಣ್ಣು ತೋರಿಸಿದರು. ವಯಸ್ಸಾದ ಹಾಗೆ ನಮ್ಮ ಕಣ್ಣಿನ ಲೆನ್ಸೂ ಹಳದಿಯಾಗುತ್ತದೆ, ಅದನ್ನು ಬಿಸಿಲಿಗಿಟ್ಟು ಸರಿಮಾಡುವ ಹಾಗಿಲ್ಲ. ನನ್ನ ಕಡುನೇರಳೆ ಮೈಸೂರು ಸಿಲ್ಕನ್ನು ಅವರು ಇಷ್ಟು ದಿನ ಕಂದು ಬಣ್ಣದ್ದು ಅಂದುಕೊಂಡಿದ್ದರಂತೆ. ಕಳೆದ ಮೂರು ವರ್ಷದ ಚಿತ್ರಗಳೆಲ್ಲ ನೀಲಿಗೆ ವಾಲಿವೆ ಅಂತ ಮಗಳು ಹೇಳಿದಾಗ ಅವಳ ಮೊಬೈಲ್ ಸರಿಯಿಲ್ಲ ಅಂದಿದ್ದರು, ಈಗ ಅವಳಿಗೆ ಫೋನ್ ಮಾಡಿ "ನೀನು ಹೇಳಿದ್ದು ಸರಿ ಪುಟ್ಟಿ" ಅಂದರು. ಒಂದೊಂದನ್ನೂ ತೆಗೆದು ಬಣ್ಣ ತಿದ್ದುತ್ತಿದ್ದಾರೆ, ದಿನಕ್ಕೆ ಒಂದು ಗಂಟೆ ಮಾತ್ರ, ಅಷ್ಟಕ್ಕೇ ನಾನು ಬಿಡುವುದು.

ಮೂರನೇ ಭಾನುವಾರ ಅರಮನೆಗೆ ಹೋದೆವು. ಹೊಸ ಲೆನ್ಸುಗಳನ್ನು ಅವರು ಯಾವಾಗಲೂ ಅಲ್ಲಿಗೆ ಒಯ್ಯುತ್ತಿದ್ದರು. ಅಷ್ಟೊಂದು ಬಲ್ಬು ಒಟ್ಟಿಗೆ ಬೇರೆಲ್ಲಿ ಸಿಗಬೇಕು, ಲಕ್ಷದ ಹತ್ತಿರ. ದೋಷವಿದ್ದ ಲೆನ್ಸಿನಲ್ಲಿ ನಡುವಿನ ಬಲ್ಬು ಚುಕ್ಕೆಯಾಗಿಯೇ ಇದ್ದು ಮೂಲೆಯ ಬಲ್ಬುಗಳಿಗೆ ಮಾತ್ರ ಹಕ್ಕಿಯ ಹಾಗೆ ರೆಕ್ಕೆ ಮೂಡುತ್ತದೆ. ಈ ಸಲ ಕ್ಯಾಮೆರಾ ತರಲಿಲ್ಲ. ಏಳು ಗಂಟೆಗೆ ದೀಪ ಹತ್ತಿತು, ಸುತ್ತಲಿದ್ದ ಜನ ಎಂದಿನ ಹಾಗೆ "ಓ" ಅಂದರು. ಅವರು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಉಂಗುರ ಇಲ್ಲ. ರೆಕ್ಕೆನೂ ಇಲ್ಲ. ಒಂದೊಂದೂ ಬೇರೆ ಬೇರೆ ಕಾಣ್ತಿದೆ" ಅಂದರು. ಧ್ವನಿ ಸ್ವಲ್ಪ ನಡುಗುತ್ತಿತ್ತು.

ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ಆ ಲೆನ್ಸಿನ ಪವರು, ಸೀರಿಯಲ್ ನಂಬರು ಎಲ್ಲ ಇದೆ. ಅದನ್ನು ಲೆಡ್ಜರಿನಲ್ಲಿ 34ನೇ ಕ್ರಮಸಂಖ್ಯೆಯ ಎದುರು ಅಂಟಿಸಿದ್ದಾರೆ. ಮೊದಲ ಫ್ರೇಮ್ ಯಾರದು ಅನ್ನುವ ಕಡೆ "ಪಟ್ಟಿ ಬಿಚ್ಚಿದ ಸಿಸ್ಟರ್" ಅಂತ ಬರೆದಿದ್ದಾರೆ. ಆಗಿದ್ದನ್ನು ಆದ ಹಾಗೇ ಬರೆಯುವವರು ಅವರು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಎರಡನೆಯದು ಅಂತ ನನ್ನ ಹೆಸರು.

ಎಡಗಣ್ಣಿಗೆ ದಸರಾ ಕಳೆದ ಮೇಲೆ ದಿನ ಗೊತ್ತಾಗಿದೆ. 35ನೇ ಸಾಲಿಗೆ ಈಗಲೇ ಗೆರೆ ಎಳೆದಿಟ್ಟಿದ್ದಾರೆ. ಪಟ್ಟಿ ಬಿಚ್ಚುವಾಗ ಮಂಚದ ಎದುರಿಗೇ ನಿಲ್ಲುತ್ತೇನೆ ಅಂತ ನಾನು ಆ ಸಿಸ್ಟರಿಗೆ ಹೇಳಿಬಂದಿದ್ದೇನೆ. ಅವರು ಆಗಲಿ ಅಂದಿದ್ದಾರೆ.